ಎಪ್ಪತ್ತೇಳರ ಮಾತು

ಮನೆಯ ಹಿರಿಯರ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪೊಂದುಂಟು. ಅದನ್ನು ನಾವೂ ಮಾಡಿದೆವು. ಬೈಲಹೊಂಗಲದ ನಮ್ಮ ಮನೆಯಲ್ಲಿ ಅಜ್ಜಿಯವರು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಬೇಕೆಂದು ಹಂಬಲಿಸಿದಾಗ, ಈ ವಯಸ್ಸಿನಲ್ಲಿ ಅದು ಬೇಡವೆಂದು ಒಕ್ಕೊರಲಿನಿಂದ ಹೇಳಿಬಿಟ್ಟೆವು. ಅವರು ಮರುನುಡಿಯಲಿಲ್ಲ.

ಅದೇ ವಾರ ಒಂದು ರಾತ್ರಿ ಮನೆಮಂದಿಯೆಲ್ಲ ಕೂಡಿ ‘ದಿ ಲೇಡಿಕಿಲ್ಲರ್ಸ್’ ಎಂಬ ಹಳೆಯ ಇಂಗ್ಲಿಷ್ ವಿನೋದ ಚಿತ್ರಪಟವನ್ನು ನೋಡಿದೆವು. 1955ರಲ್ಲಿ ಲಂಡನ್ನಿನ ಈಲಿಂಗ್ ಸ್ಟುಡಿಯೋದವರು ತೆಗೆದದ್ದು ಅದು. ಐವರು ಕಳ್ಳರು ಸಂಗೀತಗಾರರ ಸೋಗು ಹಾಕಿ ಮುದುಕಿಯೊಬ್ಬಳ ಮನೆಯಲ್ಲಿ ಸೇರುವರು. ಒಳಗೆ ನುಡಿಯುವದು ಗ್ರಾಮಾಫೋನು, ಹೊರಗೆ ತಲೆದೂಗುವವಳು ಮುದುಕಿ! ಅಜ್ಜಿಯವರೂ ಮನದಣಿಯೆ ನಕ್ಕರು.

ಬಳಿಕ ನಾವು ತೆರೆಯ ಹಿಂದಿನ ಸಂಗತಿಗಳನ್ನು ಹೇಳತೊಡಗಿದೆವು. ಇಡಿಯ ಕಥೆಯು ಲೇಖಕರಾದ ವಿಲಿಯಂ ರೋಸರಿಗೆ ಕನಸಿನಲ್ಲಿ ಹೊಳೆದದ್ದಂತೆ. ಓರೆಯಾಗಿ ನಿಂತ ಆ ಮನೆಯಾದರೂ ಫ್ರೆಡರಿಕಾ ಬೀದಿಯ ಕೊನೆಗೆ ಚಿತ್ರಕ್ಕಾಗಿಯೇ ಕಟ್ಟಿದ ತೋರಿಕೆಯ ಮನೆ. ಮುದುಕಿಯ ಪಾತ್ರಕ್ಕೆ ಕೇಟಿ ಜಾನ್ಸನ್ನರು ತೀರ ಅಶಕ್ತರೆಂದೆಣಿಸಿ, ಮೊದಲು ಅವರಿಗಿಂತ ಕಿರಿಯ ನಟಿಯೊಬ್ಬರನ್ನು ಗೊತ್ತುಮಾಡಿದ್ದರಂತೆ. ಚಿತ್ರೀಕರಣಕ್ಕೆ ಮುನ್ನವೇ ಆ ಕಿರಿಯರು ತೀರಿಕೊಂಡರು. ಕೊನೆಗೆ ಕೇಟಿಯವರೇ ಅಭಿನಯಿಸಿ ಶ್ರೇಷ್ಠ ಬ್ರಿಟಿಷ್ ನಟಿಯೆಂಬ ಪ್ರಶಸ್ತಿಯನ್ನು ಪಡೆದರು. ಆಗ ಅವರ ವಯಸ್ಸು 77!

ಕಳ್ಳರ ಮುಖಂಡನಾಗಿದ್ದ ಅಲೆಕ್ ಗಿನ್ನೆಸ್ಸರು ಮುಂದೆ ಡೇವಿಡ್ ಲೀನರ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದಲ್ಲಿಯೂ ಅಭಿನಯಿಸಿದರು. ಅದರ ಬಹುಭಾಗವನ್ನು ನಮ್ಮ ಬೆಂಗಳೂರಿನ ಸುತ್ತಮುತ್ತಲೇ ತೆಗೆದರು. ಕಥೆಯ ಗವಿಗಳಿಗಾಗಿ ಸಾವನದುರ್ಗದ ಬಂಡೆಯಲ್ಲಿ ಬಾಯಿಗಳನ್ನು ಕೊರೆಸಿದರು. ಹಿರಿಯ ಹೆಂಗಸಿನ ಪಾತ್ರಕ್ಕೆ ಕರೆ ಬಂದಾಗ ಪೆಗಿ ಆಶ್‌ಕ್ರಾಫ್ಟರು ತಮಗೆ 75 ಆಯಿತೆಂದರಂತೆ. ತಮಗೂ ಅಷ್ಟೇ ಎಂದು ಲೀನರು ಉತ್ತರಿಸಿದರಂತೆ. ಆ ಪಾತ್ರಕ್ಕೆ 1985ರಲ್ಲಿ ಆಸ್ಕರ್ ದೊರೆತಾಗ ಅವರಿಗೂ 77 ವರ್ಷ!

ಅಜ್ಜಿಯವರು ಬೆರಳೆಣಿಸಿ, “ಹಂಗಾರ ನನಗ ಇನ್ನೂ ಎರಡು ವರ್ಷ ಅದಾವ” ಎಂದರು. ನಾವು ನಗಲು ಹೋಗಿ ತಲೆ ತಗ್ಗಿಸಿದೆವು.

ಮರುವಾರವೇ ಸವದತ್ತಿಗೆ ಹೊರಟೆವು. ದರ್ಶನದ ಸಾಲು ಉದ್ದವಾಗಿತ್ತು. ಹೊರಬಂದೊಡನೆ ದಣಿದು ಕಟ್ಟೆಯ ಮೇಲೆ ಕುಳಿತವರು ನಾವೇ. ಅಜ್ಜಿಯವರು ನಮ್ಮೆಲ್ಲರ ಹಣೆಗೆ ಭಂಡಾರ ಹಚ್ಚಿ, “ಏಳ್ರಿ, ಹೊತ್ತಾತು” ಎಂದು ಮುಂದೆ ನಡೆದರು.