ಬೆಲೆ ಗೊತ್ತಿಲ್ಲದ ನಾಲಿಗೆ

ಆ ಮೂರು ಬಾಟಲಿಗಳು ಪುಣೆಯ ಬಾಣೇರಿನ ಫ್ಲ್ಯಾಟಿನಲ್ಲಿ, ಬಟ್ಟೆಯ ಕಪಾಟಿನ ಕೆಳಗಿನ ಖಾನೆಯಲ್ಲಿ, ಹಳೆಯ ಸ್ವೆಟರುಗಳ ಹಿಂದೆ ಮೂರು ವರ್ಷ ನಿಂತಿದ್ದವು. ಆಫೀಸಿನ ಸಹೋದ್ಯೋಗಿಯೊಬ್ಬ ಹೊರದೇಶದಿಂದ ಬರುವಾಗ ತಂದುಕೊಟ್ಟಿದ್ದ. ವಿಸ್ಕಿ ಇಟ್ಟಿದ್ದ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಹದಗೊಂಡ ಕಪ್ಪು ಸ್ಟೌಟ್. ಒಂದೊಂದಕ್ಕೆ ಎರಡು ಸಾವಿರದ ಮೇಲೆ ಬಿದ್ದಿತ್ತು. ಇಟ್ಟಷ್ಟೂ ರುಚಿ ಏರುತ್ತದೆ ಎಂದು ಲೇಬಲ್ಲಿನ ಮೇಲೆ ಬರೆದಿತ್ತು. ಒಂದು ಬಾಟಲಿ ಬಿಯರಿಗೆ ಎರಡು ಸಾವಿರ ಕೊಟ್ಟೆ ಎಂದು ಧಾರವಾಡದ ಮನೆಯಲ್ಲಿ ಹೇಳುವ ಧೈರ್ಯ ಅವನಿಗಿರಲಿಲ್ಲ. ಹೇಳಿದ್ದು ಒಬ್ಬನಿಗೆ ಮಾತ್ರ. ಹನ್ನೊಂದು ವರ್ಷದ ಹಿಂದೆ, ಇಬ್ಬರೂ ಪುಣೆಗೆ ಹೊಸದಾಗಿ ಬಂದಾಗ, ಕೊಥ್ರೂಡಿನ ಒಂದೇ ಕೋಣೆಯಲ್ಲಿ ಜೊತೆಗಿದ್ದ ಹುಬ್ಬಳ್ಳಿಯ ಗೆಳೆಯನಿಗೆ.

“ಏನರ ದೊಡ್ಡದು ಆದ ದಿನ ತಗಿಯೋಣು” ಎಂದು ಮಾತಾಗಿತ್ತು.

ದೊಡ್ಡದು ಆಯಿತು, ಆದರೆ ಇಬ್ಬರೂ ಅಂದುಕೊಂಡ ಹಾಗಲ್ಲ. ಗೆಳೆಯನ ಅಪ್ಪನಿಗೆ ಲಕ್ವ ಹೊಡೆಯಿತು. ಮನೆಗೆ ಇವನೊಬ್ಬನೇ ಮಗ. ನೌಕರಿಗೆ ರಾಜೀನಾಮೆ ಕೊಟ್ಟು, ಹುಬ್ಬಳ್ಳಿಯಲ್ಲಿ ಅಪ್ಪನ ಹಾರ್ಡ್‌ವೇರ್ ಅಂಗಡಿಯ ಗಲ್ಲಾದ ಮೇಲೆ ಕೂರಲು ಹೊರಟ. ಹೊರಡುವ ಹಿಂದಿನ ಶನಿವಾರ ರಾತ್ರಿ ಊಟಕ್ಕೆ ಬಂದ. ಧಾರವಾಡದಿಂದ ಬಂದು ಹದಿನೈದು ದಿನವಾಗಿದ್ದ ಅವ್ವ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ ಬಡಿಸಿ, ಮುಂದಿನದು ತನ್ನ ಕಣ್ಣಿಗೆ ಬೀಳುವುದು ಬೇಡವೆಂದು ಬೇಗ ಒಳಗೆ ಹೋಗಿ ಮಲಗಿದಳು.

ಮುಚ್ಚಳ ತೆಗೆದದ್ದೇ ತಡ, ನೊರೆ ಬುಸ್ಸನೆ ಉಕ್ಕಿ ಟೇಬಲ್ಲಿನಿಂದ ನೆಲಕ್ಕೆ ಇಳಿಯಿತು. ಇಂಥ ಗಟ್ಟಿ ಸ್ಟೌಟ್ ಹಾಗೆ ಉಕ್ಕಬಾರದು. ಬಾಟಲಿಯ ಕುತ್ತಿಗೆಯ ಒಳಗೆ, ಬಿಯರ್ ನಿಂತಿದ್ದ ಮಟ್ಟದಲ್ಲಿ, ತೆಳ್ಳಗಿನ ಬಿಳಿ ಉಂಗುರವೊಂದು ಅಂಟಿಕೊಂಡಿತ್ತು. ಉಳಿದದ್ದನ್ನು ಎರಡು ಗ್ಲಾಸಿಗೆ ಹಾಕಿದ. ಚಾಕೊಲೇಟು, ವೆನಿಲಾ, ಸುಟ್ಟ ಮರ ಎಂದು ಲೇಬಲ್ ಹೇಳುತ್ತಿತ್ತು. ನಾಲಿಗೆಗೆ ಮೊದಲು ತಾಗಿದ್ದು ಹುಳಿ.

“ಹೆಂಗೈತಿ?”

ಗೆಳೆಯ ಗುಟುಕು ನುಂಗಿ ಕಿಟಕಿಯ ಕಡೆ ನೋಡಿದ. “ಬ್ಯಾರೇನ ಐತಲೇ. ಮಸ್ತ್ ಐತಿ.”

“ಹೂಂ. ಕಾಂಪ್ಲೆಕ್ಸ್ ಐತಿ” ಎಂದ ಇವನು.

ಆಮೇಲೆ ಹುಬ್ಬಳ್ಳಿಯ ಮಾತು ಬಂತು. ಅಂಗಡಿ ನೋಡಿಕೊಳ್ಳುವುದು ತನಗೆ ಮೊದಲಿನಿಂದಲೂ ಇಷ್ಟವೇ ಎಂದ ಗೆಳೆಯ. ಕಂಪ್ಯೂಟರ್ ಮುಂದೆ ಕುಳಿತು ಸಾಕಾಗಿತ್ತು, ಇನ್ನು ಆರಾಮ ಎಂದ. “ಚೊಲೋನ ಆತು ಬಿಡು” ಎಂದ ಇವನು. ಇಬ್ಬರ ಗ್ಲಾಸಿನಲ್ಲೂ ಅರ್ಧರ್ಧ ಉಳಿದಿತ್ತು.

ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯಲು ನಿಂತ ಅವ್ವ ಗ್ಲಾಸು ಎತ್ತಿ ಮೂಗಿಗೆ ಹಿಡಿದಳು. “ಏನೋ ಇದು, ಹಳೇ ಮಜ್ಜಿಗಿ ವಾಸನಿ ಹೊಡಿಯಾಕತ್ತೈತಿ? ಕೆಟ್ಟೈತಿ ನೋಡು.”

“ಇಲ್ಲಬೇ, ಅದು ಹಂಗ ಇರತೈತಿ.”

“ಹಂಗ ಇರೂದಾದ್ರ ಅರ್ಧಾ ಯಾಕ ಬಿಟ್ಟೀರಿ?”

ಅವನ ಬಳಿ ಉತ್ತರವಿರಲಿಲ್ಲ. ಹಿಂದಿನ ವಾರವಷ್ಟೇ ಮೊಸರಿನ ಪ್ಯಾಕೆಟ್ ಒಂದು ಹುಳಿಯಾಗಿತ್ತೆಂದು ಅವ್ವ ಅವನನ್ನು ಕೆಳಗಿನ ಅಂಗಡಿಗೆ ವಾಪಸ್ ಅಟ್ಟಿದ್ದಳು. ಅವನು ಮರುಮಾತಿಲ್ಲದೆ ಹೋಗಿ ಬದಲಾಯಿಸಿಕೊಂಡು ಬಂದಿದ್ದ. ಮೂವತ್ತು ರೂಪಾಯಿಯ ಮೊಸರು ಕೆಟ್ಟರೆ ತಪ್ಪು ಮೊಸರಿನದು. ಎರಡು ಸಾವಿರದ ಬಿಯರ್ ಕೆಟ್ಟರೆ ತಪ್ಪು ಕುಡಿಯುವವನ ನಾಲಿಗೆಯದು. ಆ ಮನೆಯಲ್ಲಿ ಬೆಲೆ ಗೊತ್ತಿಲ್ಲದ ನಾಲಿಗೆ ಇದ್ದದ್ದು ಅವ್ವನದೊಂದೇ. ಅವಳಾದರೋ ಕುಡಿದೂ ಇರಲಿಲ್ಲ, ಬರೀ ಮೂಸಿದ್ದಳು.

ಅವನ ಅನುಮಾನಕ್ಕೆ ಕಾರಣವಿಲ್ಲದೆ ಇರಲಿಲ್ಲ. ಹುಳಿ ಬಿಯರ್ ಎಂಬುದು ಲೋಕದಲ್ಲಿ ಇದೆ. ಬ್ರಸೆಲ್ಸ್ ಸುತ್ತಮುತ್ತ ಮಾಡುವ ಲ್ಯಾಂಬಿಕ್ ಬಿಯರನ್ನು ಕುದಿಸಿದ ಮೇಲೆ ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯಲ್ಲಿರುವ, ಪೀಪಾಯಿಯ ಮರದಲ್ಲಿರುವ ಯೀಸ್ಟು ಬ್ಯಾಕ್ಟೀರಿಯಾಗಳೆಲ್ಲ ಅದರಲ್ಲಿ ಸೇರಿ, ವರ್ಷಗಟ್ಟಲೆ ಕೆಲಸ ಮಾಡಿ ಹುಳಿ ತರಿಸುತ್ತವೆ. ಜನ ದೂರದಿಂದ ಹುಡುಕಿಕೊಂಡು ಹೋಗಿ, ದುಡ್ಡು ಸುರಿದು ಕುಡಿಯುತ್ತಾರೆ. ಹಾಗಿರುವಾಗ ಹುಳಿ ಎಂದರೆ ಕೆಟ್ಟದ್ದು ಎನ್ನುವುದು ಹೇಗೆ? ಆದರೆ ಲ್ಯಾಂಬಿಕ್ ಮಾಡುವವನು ಹುಳಿ ಕೊಡುತ್ತೇನೆಂದು ಹೇಳಿಯೇ ಕೊಡುತ್ತಾನೆ. ಈ ಬಾಟಲಿ ಹೇಳಿದ್ದು ಚಾಕೊಲೇಟು. ದೋಸೆ ಹಿಟ್ಟು ಹುಳಿಯಾದರೆ ಹದ, ಹಾಲು ಹುಳಿಯಾದರೆ ನಷ್ಟ.

ಅವ್ವನ ಮೂಗು ಮಜ್ಜಿಗೆಯನ್ನು ನೆನೆದದ್ದು ಸುಮ್ಮನೆ ಅಲ್ಲ. ಬಿಯರನ್ನು ಕೆಡಿಸುವವುಗಳಲ್ಲಿ ಮುಖ್ಯವಾದದ್ದು ಲ್ಯಾಕ್ಟೊಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾ. ಹಾಲನ್ನು ಮೊಸರು ಮಾಡುವವು, ಹಿಟ್ಟನ್ನು ಹುಳಿ ಬರಿಸುವವು ಇವುಗಳ ಬಂಧುಗಳೇ. ಬಿಯರಿನಲ್ಲಿರುವ ಆಲ್ಕೋಹಾಲು ಮತ್ತು ಹಾಪ್ಸ್ ಹೂವಿನ ಕಹಿ ಇಂಥ ಬಹಳಷ್ಟು ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಆದರೆ ಕೆಲವು ತಳಿಗಳು ಆ ಕಹಿಯನ್ನು ತಮ್ಮ ಕೋಶದಿಂದ ಹೊರಗೆ ತಳ್ಳಿ ಬದುಕಿಕೊಳ್ಳುತ್ತವೆ. ಮರದ ಪೀಪಾಯಿ ಅವುಗಳಿಗೆ ಒಳ್ಳೆಯ ಮನೆ. ಸ್ಟೀಲ್ ತೊಟ್ಟಿಯನ್ನು ತೊಳೆದಂತೆ ಮರದ ರಂಧ್ರಗಳನ್ನು ತೊಳೆಯಲಾಗುವುದಿಲ್ಲ. ಇಂಥ ಬಿಯರ್ ಕುಡಿದರೆ ಸಾಮಾನ್ಯವಾಗಿ ಕಾಯಿಲೆಯೇನೂ ಬರುವುದಿಲ್ಲ, ಕಾಯಿಲೆ ತರುವ ರೋಗಾಣುಗಳು ಅದರಲ್ಲಿ ಬದುಕುವುದು ಕಷ್ಟ. ಕೆಡುವುದು ರುಚಿ ಮಾತ್ರ.

ಇದನ್ನೆಲ್ಲ ಅವನು ಆ ಭಾನುವಾರ ಕೂತು ಓದಿದ. ಓದುತ್ತ ಷಿಕಾಗೋದ ಕತೆ ಸಿಕ್ಕಿತು.

ಷಿಕಾಗೋದ ಗೂಸ್ ಐಲ್ಯಾಂಡ್ ಬ್ರೂವರಿಯನ್ನು ಜಾನ್ ಹಾಲ್ ಎಂಬುವರು 1988ರಲ್ಲಿ ಆರಂಭಿಸಿದರು. 2011ರಲ್ಲಿ ಅದು ದೈತ್ಯ ಬಿಯರ್ ಕಂಪನಿಯ ಕೈ ಸೇರಿತು. ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಹದಗೊಳಿಸುವ ಅವರ ‘ಬರ್ಬನ್ ಕೌಂಟಿ’ ಸ್ಟೌಟಿಗೆ ದೊಡ್ಡ ಹೆಸರು. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಬಿಡುಗಡೆ. ಷಿಕಾಗೋದ ಚಳಿಯಲ್ಲಿ ಜನ ಅಂಗಡಿಯ ಮುಂದೆ ಸಾಲು ನಿಂತು ಕೊಳ್ಳುತ್ತಾರೆ, ವರ್ಷಗಟ್ಟಲೆ ಕಾಪಿಟ್ಟುಕೊಳ್ಳುತ್ತಾರೆ. 2015ರಲ್ಲಿ ಬಿಡುಗಡೆಯಾದ ಬಾಟಲಿಗಳಲ್ಲಿ ಕೆಲವು ಹುಳಿ ಎಂದು ಕೊಂಡವರು ಹೇಳತೊಡಗಿದರು. 2016ರ ಜನವರಿಯಲ್ಲಿ ಕಂಪನಿ ಆ ಸಾಲಿನ ಎರಡು ಬಿಯರುಗಳಲ್ಲಿ ದೋಷವಿದೆಯೆಂದು ಒಪ್ಪಿಕೊಂಡು, ಹಣ ಮರಳಿಸುವುದಾಗಿ ಪ್ರಕಟಿಸಿತು. ಅದೇ ವರ್ಷ ಮುಂದೆ, ಅದರ ಹೆಸರಾಂತ ಮೂಲ ಸ್ಟೌಟಿನ ಕೆಲವು ತಂಡಗಳೂ ಆ ಪಟ್ಟಿಗೆ ಸೇರಿದವು.

ಪತ್ತೆಯಾದ ಕಳ್ಳನ ಹೆಸರು ಲ್ಯಾಕ್ಟೊಬ್ಯಾಸಿಲಸ್ ಅಸಿಟೊಟಾಲರನ್ಸ್. ಹುಳಿಯನ್ನೇ ಸಹಿಸಿಕೊಂಡು ಬದುಕುವಂಥದ್ದು ಎಂದು ಆ ಹೆಸರಿನ ಅರ್ಥ. 1986ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಮೊದಲು ಗುರುತಿಸಿದ್ದು ಹುದುಗುತ್ತಿದ್ದ ವಿನೆಗರಿನಲ್ಲಿ. ಅದು ಬಹಳ ನಿಧಾನಕ್ಕೆ ಬೆಳೆಯುತ್ತದೆ, ಪ್ರಯೋಗಾಲಯದ ಮಾಮೂಲಿ ಪರೀಕ್ಷೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬಾಟಲಿ ತುಂಬುವ ದಿನ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ತಿಂಗಳುಗಳ ನಂತರ, ಯಾರದೋ ಮನೆಯ ಕಪಾಟಿನ ಕತ್ತಲೆಯಲ್ಲಿ ಹುಳಿ ಶುರುವಾಗುತ್ತದೆ. 2016ರಿಂದ ಗೂಸ್ ಐಲ್ಯಾಂಡ್ ಆ ಸ್ಟೌಟನ್ನು ಬಾಟಲಿಗೆ ತುಂಬುವ ಮೊದಲು ಕ್ಷಣಕಾಲ ಬಿಸಿಮಾಡಿ ಪಾಶ್ಚರೀಕರಿಸತೊಡಗಿತು.

ಆ ಪದದ ಹಿಂದಿರುವ ಲೂಯಿ ಪಾಶ್ಚರ್ 1871ರಲ್ಲಿ ಲಂಡನ್ನಿನ ದೊಡ್ಡ ಬ್ರೂವರಿಯೊಂದಕ್ಕೆ ಹೋಗಿದ್ದರು. ಅಲ್ಲಿನ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದರಲ್ಲಿ ಬೇರೆ ಜೀವಿಗಳು ಸೇರಿವೆ, ನಿಮ್ಮ ಬಿಯರ್ ಕೆಡುವುದು ಇದರಿಂದ ಎಂದರು. ಒಂದು ವಾರದೊಳಗೆ ಮತ್ತೆ ಹೋದಾಗ ಅವರೂ ಒಂದು ಸೂಕ್ಷ್ಮದರ್ಶಕ ಕೊಂಡಿದ್ದರು. 1876ರಲ್ಲಿ ಪಾಶ್ಚರ್ ಬಿಯರಿನ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅಲ್ಲಿಂದ 2016ಕ್ಕೆ ನೂರನಲವತ್ತು ವರ್ಷ. ಉಪಕರಣಗಳು ಎಷ್ಟೋ ಮುಂದುವರಿದಿದ್ದವು, ಆದರೂ ಷಿಕಾಗೋದಲ್ಲಿ ದೂರು ಹೊರಟದ್ದು ಕುಡಿದವರ ನಾಲಿಗೆಯಿಂದ. ಸಾಲಿನಲ್ಲಿ ನಿಂತು, ದುಡ್ಡು ಕೊಟ್ಟು, ಕಾದವರೇ ಇದು ಹುಳಿ ಎಂದರು. ಎಲ್ಲರೂ ‘ಬ್ಯಾರೇನ ಐತಿ’ ಎಂದು ಸುಮ್ಮನಾಗಿದ್ದರೆ?

ಅವನು ಬಾಟಲಿಯ ಉಂಗುರದ ಫೋಟೊ ತೆಗೆದು, ಕೆಳಗಿದ್ದ ನಂಬರ್ ಬರೆದು ಬ್ರೂವರಿಗೆ ಒಂದು ಮೇಲ್ ಕಳಿಸಿದ. ಮೂರು ವರ್ಷ ಪುಣೆಯ ಬೇಸಿಗೆಯಲ್ಲಿ ಕಪಾಟಿನಲ್ಲಿಟ್ಟಿದ್ದೆ ಎಂಬುದನ್ನೂ ಮುಚ್ಚಿಡದೆ ಬರೆದ. ಸೆಕೆ ಬಿಯರನ್ನು ಬೇಗ ಮುದಿ ಮಾಡುತ್ತದೆ, ಒಳಗಿರುವ ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಅನುಕೂಲ. ಆದರೆ ಒಳಗೆ ಇಲ್ಲದ್ದನ್ನು ಸೆಕೆ ಹುಟ್ಟಿಸುವುದಿಲ್ಲ.

ಆಮೇಲೆ ಹುಬ್ಬಳ್ಳಿಗೆ ಫೋನ್ ಹಚ್ಚಿದ.

“ಲೇ, ಅವತ್ತಿನ ಬಿಯರ್ ಕೆಟ್ಟಿತ್ತಲೇ.”

ಆ ಕಡೆಯಿಂದ ಗೆಳೆಯ ನಕ್ಕ. “ಗೊತ್ತಿತ್ತಲೇ. ಮೊದಲ ಗುಟುಕಿಗೇ ಗೊತ್ತಾತು.”

“ಮತ್ತ ಯಾಕ ಹೇಳಲಿಲ್ಲ?”

“ಮೂರು ವರ್ಷ ಕಾದು ಇಟ್ಟಿದ್ದಿ. ಹೆಂಗ ಹೇಳ್ಲಿ? ನೀನರ ಯಾಕ ಹೇಳಲಿಲ್ಲ?”

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಂಗಡಿಯಲ್ಲಿ ಯಾರೋ ಮೊಳೆಯ ಅಳತೆ ಕೇಳಿದ್ದು, ಗೆಳೆಯ ತಡೀರಿ ಎಂದದ್ದು ಕೇಳಿಸಿತು. ಆಮೇಲೆ ಅವನ ದನಿ ಇಳಿಯಿತು.

“ಇಲ್ಲೆ ಕುಂದ್ರಾಕ ಆಗವಲ್ದಲೇ. ಅಪ್ಪ ನನ್ನ ಮುಖ ನೋಡ್ತಾರ, ಮಾತಾಡಾಕ ಆಗೂದಿಲ್ಲ ಅವರಿಗೆ. ಇಷ್ಟ ಐತಿ ಅಂತ ಅವತ್ತ ನಿನ್ನ ಮುಂದ ಸುಮ್ನ ಅಂದೆ.”

“ಹೂಂ. ನಾನೂ ಸುಮ್ನ ಚೊಲೋ ಆತು ಅಂದೆ.”

ಮಾತು ಮುಗಿಯುವಾಗ ಒಂದು ಗಂಟೆಯಾಗಿತ್ತು. ಮುಂದಿನ ಶನಿವಾರಕ್ಕೆ ಹುಬ್ಬಳ್ಳಿಯ ಬಸ್ಸಿಗೆ ಟಿಕೆಟ್ ತೆಗೆಸಿದ. ಬ್ರೂವರಿಯಿಂದ ಇನ್ನೂ ಉತ್ತರ ಬಂದಿರಲಿಲ್ಲ. ಉಳಿದೆರಡು ಬಾಟಲಿಗಳನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದ. ಎರಡರ ಕುತ್ತಿಗೆಯಲ್ಲೂ ಅದೇ ಉಂಗುರ.

“ಇವೂ ಕೆಟ್ಟಾವೇನು?” ಎಂದಳು ಬಾಗಿಲಲ್ಲಿ ನಿಂತ ಅವ್ವ.

“ಹೂಂಬೇ, ಕೆಟ್ಟಾವ” ಎಂದು ಅವನು ಬಾಟಲಿಗಳನ್ನು ಸಿಂಕಿನ ಹತ್ತಿರ ಒಯ್ದ.