ಸೇಬಿನ ಸೀಸೆ

ಅರುವತ್ತು ದಾಟಿದ ಮೇಲೆ ಮನುಷ್ಯನಿಗೆ ಹೊಸ ವಿದ್ಯೆಯೊಂದು ಪ್ರಾಪ್ತವಾಗುವುದೆಂದರೆ ಸಂತೋಷದ ವಿಷಯವೇ ಸರಿ. ಆದರೆ ನನಗೆ ಪ್ರಾಪ್ತವಾದ ವಿದ್ಯೆ ಯಾವುದೆಂದು ಹೇಳಿದರೆ, ಪಾಠಶಾಲೆಯಲ್ಲಿ ನನ್ನೊಡನೆ ಅಮರಕೋಶವನ್ನು ಉರುಹೊಡೆದ ಹಳೆಯ ಸಹಪಾಠಿಗಳು ಕಿವಿ ಮುಚ್ಚಿಕೊಂಡಾರು. ಹಬ್ಬದ ಔತಣಕ್ಕೆ ಯಾವ ಯಾವ ಮದ್ಯವನ್ನು ಎಷ್ಟೆಷ್ಟು ತರಬೇಕೆಂಬುದೇ ಆ ವಿದ್ಯೆ. ಮೆಣಸಿನ ಸಾರಿಗಿಂತ ತೀಕ್ಷ್ಣವಾದ ದ್ರವವೊಂದು ಈವರೆಗೆ ನನ್ನ ನಾಲಗೆಯನ್ನು ಮುಟ್ಟಿದುದಿಲ್ಲ. ಇನ್ನು ಮುಟ್ಟುವ ಸಂಭವವೂ ಇಲ್ಲ. ಹೀಗಿದ್ದೂ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಅಧಿಕಾರ ನನಗೆ ಹೇಗೆ ಬಂದಿತೆಂಬುದನ್ನು ವಾಚಕರಲ್ಲಿ ನಿವೇದಿಸಬೇಕಾಗಿದೆ.

2022ನೆಯ ಇಸವಿಯ ಡಿಸೆಂಬರಿನಲ್ಲಿ ನಾನು ಅಮೆರಿಕೆಯ ನ್ಯೂಜೆರ್ಸಿ ಸಂಸ್ಥಾನದಲ್ಲಿ ನನ್ನ ಮಗನ ಮನೆಯಲ್ಲಿದ್ದೆನು. ಆ ದೇಶದಲ್ಲಿ ಕ್ರಿಸ್‌ಮಸ್ಸಿನ ಮುಂಚಿನ ವಾರಗಳಲ್ಲಿ ಒಬ್ಬರನ್ನೊಬ್ಬರು ಮನೆಗೆ ಕರೆದು ಉಣಬಡಿಸುವುದು ವಾಡಿಕೆ. ನನ್ನ ಮಗನೂ ತನ್ನ ಕಚೇರಿಯವರನ್ನೂ ನೆರೆಹೊರೆಯವರನ್ನೂ ಕರೆದಿದ್ದನು. ದೊಡ್ಡವರು, ಮಕ್ಕಳು ಸೇರಿ ಇಪ್ಪತ್ತನಾಲ್ಕು ಮಂದಿ. ಒಂದು ಸಂಜೆ ಅವನು ಕಾಗದದ ಚೂರೊಂದನ್ನು ಹಿಡಿದು ನನ್ನ ಕೊಠಡಿಯ ಬಾಗಿಲಲ್ಲಿ ಬಂದು ನಿಂತನು.

“ಅಪ್ಪಾ, ಬಂದವರಿಗೆ ಕುಡಿಯುವುದಕ್ಕೂ ಇಡಬೇಕು. ನಿಮಗೆ ಬೇಸರವಾಗುವುದಾದರೆ ಆ ದಿನ ನಿಮ್ಮನ್ನು ನಮ್ಮ ಸ್ನೇಹಿತರೊಬ್ಬರ ಮನೆಗೆ ಕಳುಹಿಸಿ ಬರುತ್ತೇನೆ,” ಎಂದನು.

ಹತ್ತು ವರ್ಷಗಳಿಂದ ಅವನು ಆಗೊಮ್ಮೆ ಈಗೊಮ್ಮೆ ಕುಡಿಯುವನೆಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂಬುದು ಅವನಿಗೂ ಗೊತ್ತಿತ್ತು. ನಮ್ಮಿಬ್ಬರ ನಡುವೆ ಆ ಮಾತು ಒಂದು ದಿನವೂ ಬಂದುದಿಲ್ಲ. ಸಭ್ಯ ಮನೆತನಗಳಲ್ಲಿ ಇಂತಹ ಮೌನವನ್ನು ಮರ್ಯಾದೆಯೆಂದು ಕರೆಯುವುದುಂಟು. ನಾನೂ ಹಾಗೆಯೇ ತಿಳಿದಿದ್ದೆನು. ಆದರೆ ಅಂದು ಅವನ ಕೈಯಲ್ಲಿದ್ದ ಆ ಚೀಟಿಯನ್ನು ನೋಡಿದಾಗ, ಅದಕ್ಕೂ ಬಹು ಹಿಂದಿನ ಮತ್ತೊಂದು ಸಂಜೆ ನನ್ನ ಕಣ್ಣೆದುರಿಗೆ ಬಂದಿತು.

ನನಗೆ ಒಬ್ಬ ತಮ್ಮನಿದ್ದನು. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ನನಗಿಂತ ಬುದ್ಧಿವಂತ, ಮಾತಿನಲ್ಲಿ ನನಗಿಂತ ಸರಸಿ. ಪಟ್ಟಣದಲ್ಲಿ ಉದ್ಯೋಗಕ್ಕೆ ಸೇರಿದ ಮೇಲೆ ಕುಡಿತ ಅವನಿಗೆ ಅಂಟಿತು. ವೈದ್ಯರ ಮಾತು, ತಾಯಿಯ ಕಣ್ಣೀರು, ಅವನ ಸ್ವಂತ ಹಟ ಎಲ್ಲವೂ ಕೂಡಿ ಒಂದು ಸಲ ಎಂಟು ತಿಂಗಳ ಕಾಲ ಅವನು ಅದನ್ನು ಮುಟ್ಟದೆ ಇದ್ದನು. ಆ ಸಮಯದಲ್ಲಿ ಅವನ ಸ್ನೇಹಿತರ ಮನೆಯಲ್ಲಿ ಹೊಸ ವರ್ಷದ ಕೂಟವೊಂದು ಏರ್ಪಟ್ಟಿತು. “ಅಣ್ಣಯ್ಯ, ನೀನೂ ಜೊತೆಗೆ ಬಾ, ನೀನು ಪಕ್ಕದಲ್ಲಿದ್ದರೆ ಯಾರೂ ನನ್ನನ್ನು ಬಲವಂತ ಮಾಡಲಾರರು,” ಎಂದು ಅವನು ಕರೆದನು. “ಅಂಥ ಮನೆಯ ಹೊಸಲನ್ನು ನಾನು ತುಳಿಯುವವನಲ್ಲ,” ಎಂದು ನಾನು ಉತ್ತರ ಕೊಟ್ಟೆನು. ಅವನು ಒಬ್ಬನೇ ಹೋದನು. ಆ ಮನೆಯಲ್ಲಿ ಕುಡಿಯದವನಿಗೆಂದು ಇದ್ದುದು ನೀರೊಂದೇ. ಬರಿಯ ನೀರಿನ ಲೋಟವನ್ನು ಹಿಡಿದು ನಿಂತವನು ಎಲ್ಲರ ಕಣ್ಣಿಗೂ ಬೀಳುವನು. “ಒಂದೇ ಒಂದು” ಎಂದು ಯಾರೋ ಅಂದರು. 1996ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಅಂದು ನಾನು ಜೊತೆಗೆ ಹೋಗಿದ್ದರೆ ಅವನು ಉಳಿಯುತ್ತಿದ್ದನೆಂದು ಹೇಳಲಾರೆ. ಹೋಗಲಿಲ್ಲವೆಂಬುದು ಮಾತ್ರ ನಿಜ. ನನ್ನ ಮಡಿಗೆ ಭಂಗ ಬರಲಿಲ್ಲವೆಂಬುದೂ ನಿಜ.

ಆದುದರಿಂದ ಮಗನಿಗೆ, “ನಾನು ಎಲ್ಲಿಗೂ ಹೋಗುವುದಿಲ್ಲ. ನಿನ್ನ ಚೀಟಿಯನ್ನು ಇಲ್ಲಿ ಕೊಡು, ನೋಡೋಣ,” ಎಂದೆನು. ಅವನ ಮುಖದಲ್ಲಿ ಮೂಡಿದ ಆಶ್ಚರ್ಯವನ್ನು ವರ್ಣಿಸಲು ನಾನು ಶಕ್ತನಲ್ಲ.

ಆ ಪಟ್ಟಿಯಲ್ಲಿ ಹದಿನಾಲ್ಕು ಸೀಸೆಗಳ ಹೆಸರಿದ್ದಿತು. ಮೇಷ್ಟರ ಕೈಗೆ ಪಟ್ಟಿ ಸಿಕ್ಕಿದರೆ ಮೊದಲು ವರ್ಗೀಕರಣವಾಗಬೇಕಷ್ಟೆ. ಮನುಸ್ಮೃತಿಯಲ್ಲಿ ಸುರೆಯನ್ನು ನಿಷೇಧಿಸುವ ಸಂದರ್ಭದಲ್ಲಿ ಅದನ್ನು ಗೌಡಿ, ಪೈಷ್ಟಿ, ಮಾಧ್ವಿ ಎಂದು ಮೂರು ಬಗೆಯಾಗಿ ಹೇಳಿದೆ. ಬೆಲ್ಲದಿಂದಾದದ್ದು ಗೌಡಿ, ಹಿಟ್ಟಿನಿಂದಾದದ್ದು ಪೈಷ್ಟಿ, ಹಿಪ್ಪೆಯ ಹೂವಿನಿಂದಲೋ ಮಧುವಿನಿಂದಲೋ ಆದದ್ದು ಮಾಧ್ವಿ. ಮಗನನ್ನು ಒಂದೊಂದಾಗಿ ವಿಚಾರಿಸುತ್ತ ಹೋದೆನು. ಕಬ್ಬಿನ ಕಾಕಂಬಿಯಿಂದ ಬರುವ ರಮ್ ಗೌಡಿಯ ವಂಶಕ್ಕೆ ಸೇರಿತು. ಧಾನ್ಯದಿಂದ ಬರುವ ವಿಸ್ಕಿ ಪೈಷ್ಟಿಯ ವಂಶಕ್ಕೆ ಸೇರಿತು. ಅದರಲ್ಲಿಯೂ ಬರ್ಬನ್ ಎಂಬ ಅಮೆರಿಕೆಯ ವಿಸ್ಕಿಗೆ ನೂರಕ್ಕೆ 51 ಪಾಲಾದರೂ ಮುಸುಕಿನ ಜೋಳವಿರಬೇಕೆಂದು ಅಲ್ಲಿಯ ಕಾನೂನು. ದ್ರಾಕ್ಷಿಯ ವೈನನ್ನು ಮಾಧ್ವಿಯ ಕಡೆಗೆ ತಳ್ಳಿದೆನು. ಪಟ್ಟಿಯ ಕೊನೆಯಲ್ಲಿದ್ದ ಸೇಬಿನ ಬ್ರಾಂದಿ ಮಾತ್ರ ಮೂರರಲ್ಲಿ ಎಲ್ಲಿಯೂ ಕೂರಲಿಲ್ಲ.

ಆಗ ಕೌಟಿಲ್ಯನ ನೆನಪಾಯಿತು. ನಾನು ಓದಿದ ಮೈಸೂರಿನಲ್ಲಿಯೇ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕುರಿತು ಒಂದು ಅಧ್ಯಾಯವಿದೆ. ಅಲ್ಲಿ ಹೇಳಿರುವ ಆಸವಕ್ಕೆ ಬೇಲದ ಹಣ್ಣು ಒಂದು ಪಾಲು, ಕಾಯಿಸಿದ ಕಬ್ಬಿನ ರಸ ಐದು ಪಾಲು, ಜೊತೆಗೆ ಸ್ವಲ್ಪ ಜೇನು. ಹಣ್ಣಿನ ಮದ್ಯಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲವೆಂದು ಸೇಬಿಗೆ ಬೇಲದ ಪಕ್ಕದಲ್ಲಿ ಮಣೆ ಹಾಕಿದೆನು. ಅದೇ ಅಧ್ಯಾಯದಲ್ಲಿ ದ್ರಾಕ್ಷಿಯ ಮಧುವಿಗೆ ಕಾಪಿಶಾಯನ, ಹಾರಹೂರಕ ಎಂದು ಅದು ಹುಟ್ಟಿದ ದೇಶದಿಂದಲೇ ಹೆಸರು. ಫ್ರಾನ್ಸಿನಲ್ಲಿಯೂ ಇದೇ ನ್ಯಾಯ ನಡೆಯುತ್ತಿದೆ. ನಾರ್ಮಂಡಿಯ ಸೇಬಿನ ಬ್ರಾಂದಿಗೆ ಅಲ್ಲಿಯ ಜಿಲ್ಲೆಯೊಂದರ ಹೆಸರಾದ ಕಾಲ್ವಡೋಸ್ ಎಂದೇ ಹೆಸರು. ಗೊತ್ತುಮಾಡಿದ ಸೀಮೆಯ ಹೊರಗೆ ಇಳಿಸಿದುದನ್ನು ಆ ಹೆಸರಿನಿಂದ ಮಾರಕೂಡದು. ಮರದ ಪೀಪಾಯಿಯಲ್ಲಿ ಕಡಮೆಯೆಂದರೆ ಎರಡು ವರ್ಷ ಇಡಬೇಕು.

ಮರುದಿನ ತಂದೆಮಕ್ಕಳಿಬ್ಬರೂ ಮದ್ಯದ ಅಂಗಡಿಗೆ ಹೋದೆವು. ನನ್ನ ಜನ್ಮದಲ್ಲಿ ಅದೇ ಮೊದಲು. ಪುಸ್ತಕಭಂಡಾರವೊಂದರಲ್ಲಿ ಗ್ರಂಥಗಳನ್ನು ಜೋಡಿಸಿದಂತೆ ಸೀಸೆಗಳನ್ನು ಸಾಲಾಗಿ ಇಟ್ಟಿದ್ದರು. ಗ್ರಂಥವೆಂದ ಮೇಲೆ ಮುಖಪತ್ರವನ್ನು ಓದದೆ ಕೊಳ್ಳುವುದುಂಟೆ? ಕನ್ನಡಕವನ್ನು ಸರಿಮಾಡಿಕೊಂಡು ಒಂದೊಂದನ್ನೂ ಓದಿದೆನು. ಅಂಗಡಿಯವನು ನನ್ನನ್ನು ದೊಡ್ಡ ರಸಜ್ಞನೆಂದು ಭಾವಿಸಿರಬೇಕು. ಬಹಳ ವಿನಯದಿಂದ ಸೇಬಿನ ಸೀಸೆಗಳಿದ್ದ ಕಡೆಗೆ ಕರೆದೊಯ್ದನು.

ಅಲ್ಲಿ ಮೂರು ಬಗೆಗಳಿದ್ದುವು. ಮೊದಲನೆಯದು ಮಿಶ್ರವಾದ ಆಪಲ್‌ಜಾಕ್. ಆಪಲ್‌ಜಾಕ್ ಎಂಬುದು ಆ ಪ್ರಾಂತದ ಹಳೆಯ ಪದಾರ್ಥ. ಹಿಂದೆ ರೈತರು ಹುಳಿಸಿದ ಸೇಬಿನ ರಸವನ್ನು ಚಳಿಗಾಲದ ರಾತ್ರಿಗಳಲ್ಲಿ ಹೊರಗೆ ಇಡುತ್ತಿದ್ದರು. ನೀರು ಮೊದಲು ಹೆಪ್ಪುಗಟ್ಟುವುದು, ಮದ್ಯಸಾರ ಹೆಪ್ಪುಗಟ್ಟದು. ಮಂಜುಗಡ್ಡೆಯನ್ನು ತೆಗೆದು ಹಾಕುತ್ತ ಹೋದರೆ ಉಳಿದ ರಸ ದಿನದಿನಕ್ಕೆ ಉಗ್ರವಾಗುವುದು. ಭಟ್ಟಿಯಲ್ಲಿ ಇಳಿಸುವವನು ಮೊದಲು ತೊಟ್ಟಿಕ್ಕುವ ಕೆಟ್ಟ ಅಂಶವನ್ನು ಬೇರೆಮಾಡಿ ಚೆಲ್ಲಬಲ್ಲನು. ಹೆಪ್ಪುಗಟ್ಟಿಸುವ ವಿಧಾನದಲ್ಲಿ ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೆ ಉಳಿಯುವುವು. ಈಗ ಅಂಗಡಿಯಲ್ಲಿ ಸಿಕ್ಕುವುದು ಭಟ್ಟಿಯಲ್ಲಿ ಇಳಿಸಿದ್ದೇ. ನ್ಯೂಜೆರ್ಸಿಯಲ್ಲಿ ಲೇರ್ಡ್ ಮನೆತನದವರು 1780ರಲ್ಲಿಯೇ ಈ ವೃತ್ತಿಯನ್ನು ಸ್ಥಾಪಿಸಿದರು. ಆದರೆ ‘ಮಿಶ್ರ’ ಎಂದು ಬರೆದಿರುವ ಸೀಸೆಯಲ್ಲಿ ಸೇಬಿನ ಬ್ರಾಂದಿಯ ಜೊತೆಗೆ ಧಾನ್ಯದ ಸಾರವೂ ಬೆರೆತಿರುವುದು. ಹೆಸರು ಸೇಬಿನದು, ಒಡಲು ಹೆಚ್ಚಾಗಿ ಧಾನ್ಯದ್ದು. ವ್ಯಾಖ್ಯಾನವನ್ನು ಮೂಲವೆಂದು ಮಾರುವ ಪುಸ್ತಕದಂತೆ ಅದು ನನಗೆ ತೋರಿತು.

ಎರಡನೆಯದು ‘ಬಾಂಡೆಡ್’ ಎಂದು ಬರೆದದ್ದು. 1897ರಲ್ಲಿ ಅಮೆರಿಕೆಯ ಸರಕಾರ ಕಲಬೆರಕೆಯನ್ನು ತಡೆಯುವುದಕ್ಕಾಗಿ ಮಾಡಿದ ಕಾನೂನಿನಿಂದ ಬಂದ ಮಾತು ಇದು. ಒಬ್ಬನೇ ಭಟ್ಟಿಯವನು ಒಂದೇ ಋತುವಿನಲ್ಲಿ ಇಳಿಸಿರಬೇಕು. ನಾಲ್ಕು ವರ್ಷಕ್ಕೆ ಕಡಮೆಯಿಲ್ಲದೆ ಸರಕಾರದ ಮೇಲ್ವಿಚಾರಣೆಯ ಉಗ್ರಾಣದಲ್ಲಿ ಇಟ್ಟಿರಬೇಕು. ಮದ್ಯಸಾರ ನೂರಕ್ಕೆ 50 ಇರಬೇಕು. ಮೂರನೆಯದು ಫ್ರಾನ್ಸಿನ ಕಾಲ್ವಡೋಸ್. ಊಟದ ಅನಂತರ ನಿಧಾನವಾಗಿ ಗುಟುಕರಿಸುವವರಿಗೆ ಅದು ಉತ್ತಮವಂತೆ, ಬೆಲೆಯೂ ಹೆಚ್ಚು. ನಿಂಬೆಯ ರಸ, ದಾಳಿಂಬೆಯ ಪಾಕಗಳೊಡನೆ ಬೆರಸಿ ಜಾಕ್ ರೋಸ್ ಎಂಬ ಪಾನಕವನ್ನು ಮಾಡಬೇಕೆಂದು ಮಗನ ಇಚ್ಛೆ. ಬೆರಸಿದ ಮೇಲೆಯೂ ಹಣ್ಣಿನ ಗುಣ ಉಳಿಯಬೇಕಾದರೆ ಎರಡನೆಯದೇ ಯುಕ್ತವೆಂದು ಅದನ್ನು ತೆಗೆದುಕೊಂಡೆವು.

ಇನ್ನು ಲೆಕ್ಕ. ಅಮೆರಿಕೆಯ ವೈದ್ಯರು ಒಂದು ಪ್ರಮಾಣವೆಂದು ಎಣಿಸುವುದು ನೂರಕ್ಕೆ 40ರ ಮದ್ಯವಾದರೆ 44 ಮಿಲಿಲೀಟರು, ವೈನಾದರೆ 148. ಹೀಗೆ 750 ಮಿಲಿಲೀಟರಿನ ಮದ್ಯದ ಸೀಸೆಯೊಂದರಲ್ಲಿ 17 ಪ್ರಮಾಣ, ವೈನಿನ ಸೀಸೆಯಲ್ಲಿ 5. ಕುಡಿಯುವವರು ಹದಿನೈದು ಮಂದಿ, ಸಂಜೆಯೆಲ್ಲ ಸೇರಿ ತಲೆಗೆ ಎರಡು, ಒಟ್ಟು ಮೂವತ್ತು. ಅರ್ಧ ವೈನೆಂದು ಹಿಡಿದರೆ ಮೂರು ಸೀಸೆ. ಉಳಿದುದಕ್ಕೆ ಒಂದೇ ಸೀಸೆ ಮದ್ಯ ಸಾಕು! “ಒಂದೇ ಇಟ್ಟರೆ ಮನೆಗೆ ಗೌರವವಲ್ಲ,” ಎಂದು ಮಗನು ವಾದಿಸಿದನು. ಬರ್ಬನ್, ರಮ್, ಸೇಬಿನ ಬ್ರಾಂದಿ ಎಂದು ಮೂರಕ್ಕೆ ರಾಜಿಯಾಯಿತು. ವೋಡ್ಕಾವನ್ನು ನಾನು ಬಿಡಿಸಿದೆನು. ಅದಕ್ಕೆ ವಾಸನೆಯೂ ರುಚಿಯೂ ಇಲ್ಲವೆನ್ನುವಷ್ಟು ಕಡಮೆಯಂತೆ. ಹಣ್ಣಿನ ರಸದಲ್ಲಿ ಬೆರೆತರೆ ಎಷ್ಟು ಕುಡಿದೆನೆಂಬುದು ಕುಡಿದವನಿಗೇ ತಿಳಿಯದು. ಬರುವಾಗ ಹೆಸರು ಹೇಳದ ಅತಿಥಿಯನ್ನು ಒಳಗೆ ಕರೆಯಬಾರದು. ಸೇಬಿನ ಸೀಸೆ ಉಗ್ರವಾದುದರಿಂದ ಅದರಲ್ಲಿ 35 ಮಿಲಿಲೀಟರೇ ಒಂದು ಪ್ರಮಾಣವೆಂದು ಚೀಟಿ ಬರೆದು ಕೊರಳಿಗೆ ಕಟ್ಟಿದೆನು.

ದಾರಿಯಲ್ಲಿ ಮಗನು ಒಂದು ಸಂಗತಿಯನ್ನು ತಿಳಿಸಿದನು. ಕಣ್ಣಿಗೆ ಕಾಣುವಷ್ಟು ಅಮಲೇರಿದ ಅತಿಥಿಗೆ, ಅವನು ತಾನೇ ಕಾರು ನಡೆಸಿಕೊಂಡು ಹೋಗುವನೆಂದು ತಿಳಿದೂ ಮತ್ತೆ ಹೊಯ್ದು ಕೊಟ್ಟು, ಅವನು ಹೋಗಿ ಯಾರಿಗಾದರೂ ಡಿಕ್ಕಿ ಹೊಡೆದರೆ, ಗಾಯಗೊಂಡವನಿಗೆ ಔತಣವಿತ್ತ ಗೃಹಸ್ಥನೂ ಹೊಣೆಯೆಂದು ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಕೆಲ್ಲಿ ವಿರುದ್ಧ ಗ್ವಿನ್ನೆಲ್ ಎಂಬ ಮೊಕದ್ದಮೆಯಲ್ಲಿ 1984ರಲ್ಲಿ ತೀರ್ಪಿತ್ತಿತು. ಕೌಟಿಲ್ಯನೂ ಇದರ ಸಮೀಪಕ್ಕೆ ಬಂದಿದ್ದನೆಂದು ನಾನು ಹೇಳಿದೆನು. ಮತ್ತನಾಗಿ ಮಲಗಿದ ಗಿರಾಕಿಯ ಒಡವೆ, ಬಟ್ಟೆ, ಹಣ ಕಳೆದರೆ ಮಾರಿದ ವರ್ತಕನು ಅದನ್ನು ತುಂಬಿ, ಅಷ್ಟೇ ದಂಡವನ್ನೂ ತೆರಬೇಕೆಂದು ಅವನ ವಿಧಿ. ಕೊಟ್ಟವನ ಕೈ ಕೊಟ್ಟ ಕ್ಷಣಕ್ಕೆ ತೊಳೆದುಹೋಗುವುದಿಲ್ಲವೆಂಬುದು ಎರಡರ ತಾತ್ಪರ್ಯ.

“ನಿನ್ನ ಚಿಕ್ಕಪ್ಪನ ವಿಷಯ ನಿನಗೆ ಎಷ್ಟು ಗೊತ್ತು?” ಎಂದು ಆಗ ಕೇಳಿದೆನು. “ಕಾಯಿಲೆಯಿಂದ ಹೋದರೆಂದು ಅಮ್ಮ ಹೇಳಿದ್ದಳು,” ಎಂದನು. ಮನೆ ಬಂದರೂ ನಾವು ಕಾರಿನಿಂದ ಇಳಿಯಲಿಲ್ಲ. ಅಂದಿನ ಸಂಜೆಯ ಕಥೆಯನ್ನು, ನನ್ನ ಉತ್ತರವನ್ನೂ ಬಿಡದೆ, ಅವನಿಗೆ ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, “ಅಪ್ಪಾ, ನಮ್ಮ ಕಚೇರಿಯಲ್ಲಿಯೂ ಒಬ್ಬರಿದ್ದಾರೆ. ಬಿಟ್ಟು ಒಂದು ವರ್ಷವಾಯಿತು. ಅವರನ್ನು ಕರೆಯುವುದೋ ಬೇಡವೋ ಎಂದು ಯೋಚಿಸುತ್ತಿದ್ದೆ,” ಎಂದನು.

“ಕರೆ. ಆದರೆ ಇಂದೇ ಅವರೊಡನೆ ಮಾತನಾಡಿ, ಮನೆಯಲ್ಲಿ ಏನಿರುವುದೆಂದು ಮೊದಲೇ ತಿಳಿಸು; ಬರುವುದೂ ಬಿಡುವುದೂ ಅವರ ಇಷ್ಟ. ಮೇಜನ್ನು ಅವರಿಗಾಗಿ ಅಣಿಮಾಡೋಣ,” ಎಂದೆನು.

ಆ ದೇಶದಲ್ಲಿ ಬರಿಯ ಸೈಡರ್ ಎಂದರೆ ಹುಳಿಸದ ಸೇಬಿನ ರಸ. ನನ್ನ ಸೊಸೆ ಅದಕ್ಕೆ ಚಕ್ಕೆ, ಲವಂಗ, ಶುಂಠಿ ಹಾಕಿ ಬೆಚ್ಚಗೆ ಮಾಡಿದಳು; ನಿಂಬೆ, ದಾಳಿಂಬೆಯ ಪಾಕಗಳಿಂದ ಮದ್ಯವಿಲ್ಲದ ಕೆಂಪು ಪಾನಕವೊಂದನ್ನೂ ಮಾಡಿದಳು. ಇವುಗಳನ್ನು ಮೂಲೆಯಲ್ಲಿ ಮಕ್ಕಳ ಪಾಲಿಗೆಂದು ಇಡದೆ ಮೇಜಿನ ನಡುವೆಯೇ, ಮದ್ಯಕ್ಕಿಟ್ಟಂತಹವೇ ಗಾಜಿನ ಲೋಟಗಳೊಡನೆ ಇಡಿಸಿದೆನು. ಯಾವುದರಲ್ಲಿ ಮದ್ಯವಿದೆ, ಯಾವುದರಲ್ಲಿಲ್ಲ ಎಂಬುದನ್ನು ಪಾತ್ರೆಗಳ ಮುಂದೆ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದೆವು. ಆದರೆ ಕೈಯಲ್ಲಿ ಹಿಡಿದ ಮೇಲೆ ಯಾರ ಲೋಟ ಯಾವುದೆಂದು ನೋಡುವವರಿಗೆ ತಿಳಿಯುವಂತಿರಲಿಲ್ಲ.

ಕೂಟದ ದಿನ ಆ ಗೃಹಸ್ಥರು ಬಂದರು. ಚೀಟಿಯನ್ನು ಒಮ್ಮೆ ಓದಿ, ಬೆಚ್ಚಗಿನ ಸೈಡರನ್ನು ಬಗ್ಗಿಸಿಕೊಂಡು, ಎಲ್ಲರ ನಡುವೆ ನಿಂತು ನಗುತ್ತ ಮಾತನಾಡಿದರು. ನಾನೂ ಅದೇ ಬಗೆಯ ಲೋಟವನ್ನು ಹಿಡಿದು ಅವರಿಗೆ ತುಸು ದೂರದಲ್ಲಿ ಕುಳಿತೆನು. ಅವರು ಮೂರು ಸಲ ಹಾಕಿಸಿಕೊಂಡರು. “ಇದೇನು, ಒಂದೂ ಬೇಡವೆ?” ಎಂದು ಯಾರೂ ಕೇಳಲಿಲ್ಲ, ಕೇಳುವ ಪ್ರಸಂಗವೇ ಬರಲಿಲ್ಲ. ಹೊರಡುವಾಗ ಅವರು ಸೊಸೆಯಿಂದ ಮಸಾಲೆಯ ಪ್ರಮಾಣವನ್ನು ಬರೆಸಿಕೊಂಡು ಹೋದರು.

ಎಲ್ಲರೂ ಹೋದ ಮೇಲೆ ನೋಡಿದರೆ ಸೇಬಿನ ಸೀಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅಮರಕೋಶದಲ್ಲಿ ಸುರೆಗೆ ಗಂಧೋತ್ತಮಾ ಎಂದೊಂದು ಪರ್ಯಾಯವುಂಟು. ಹುಡುಗರಾಗಿದ್ದಾಗ ಅರ್ಥದ ಗೊಡವೆಯಿಲ್ಲದೆ ಕೂಗಿ ಒಪ್ಪಿಸುತ್ತಿದ್ದೆವು. ಅರುವತ್ತು ವರ್ಷದ ಮೇಲೆ ಆ ಪದದ ಅರ್ಥವನ್ನು ಪರೀಕ್ಷಿಸೋಣವೆಂದು ಬಿರಡೆಯನ್ನು ತೆಗೆದು ಮೂಸಿದೆನು. ಹುಲ್ಲಿನಲ್ಲಿಟ್ಟ ಸೇಬಿನ ಪೆಟ್ಟಿಗೆಯನ್ನು ತೆರೆದಂತೆ, ಹಿಂದೆಯೇ ಹಳೆಯ ಮರದ ಬೀರುವಿನಂತೆ ಪರಿಮಳ ಬಂದಿತು. ಕೋಶಕಾರನು ಸುಳ್ಳು ಹೇಳಿರಲಿಲ್ಲ.

“ಮೂಸಿದರೆ ಅರ್ಧ ಉಂಡಂತೆ ಎಂದು ನೀವೇ ಹೇಳುತ್ತಿದ್ದಿರಲ್ಲಾ ಅಪ್ಪಾ!” ಎಂದು ಮಗನು ನಕ್ಕನು. ನಾನು ಬಿರಡೆಯನ್ನು ಮುಚ್ಚಿ ಸೀಸೆಯನ್ನು ಅವನ ಕೈಗೆ ಕೊಟ್ಟೆನು. ಅದನ್ನು ಅವನು ನನ್ನ ಎದುರಿನಲ್ಲಿಯೇ ಬೀರುವಿನಲ್ಲಿ ಇಟ್ಟನು. ಮೊದಲಾಗಿದ್ದರೆ ನಾನು ಮಲಗುವವರೆಗೂ ಕಾದಿರುತ್ತಿದ್ದನು.