ನೆಲ್ಸನ್ ಬೇ ಕಡಲೊಳಗೊಂದು ಗಣತಿ

ಆಸ್ಟ್ರೇಲಿಯದ ಸಿಡ್ನಿ ನಗರದಿಂದ ಉತ್ತರಕ್ಕೆ ಸುಮಾರು 200 ಕಿಲೋಮೀಟರ್ ಸಾಗಿದರೆ ಪೋರ್ಟ್ ಸ್ಟೀಫನ್ಸ್ ಎಂಬ ವಿಶಾಲ ಅಳಿವೆ ಸಿಗುತ್ತದೆ. 1770ರಲ್ಲಿ ಕ್ಯಾಪ್ಟನ್ ಕುಕ್ ಇಟ್ಟ ಹೆಸರಿದು. ಅದರ ದಕ್ಷಿಣ ದಡದಲ್ಲಿರುವ ಊರೇ ನೆಲ್ಸನ್ ಬೇ. ಪ್ರವಾಸಿಗರು ಬರುವುದು ಡಾಲ್ಫಿನ್‌ಗಳನ್ನು ನೋಡಲು. ಆದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಫ್ಲೈ ಪಾಯಿಂಟ್‌ನಲ್ಲಿ ನೀರಿಗಿಳಿಯುವವರ ಗುರಿ ಬೇರೆ. ಅಲ್ಲಿ ನೀರಿನ ಸೆಳೆತ ಜೋರು. ಉಬ್ಬರ ತುಂಬಿ ನೀರು ನಿಂತಂತಾಗುವ ಸ್ವಲ್ಪ ಹೊತ್ತಿನಲ್ಲೇ ಅವರು ಕೆಲಸ ಮುಗಿಸಬೇಕು.

ಅವರು ಹುಡುಕುವುದು ‘ಸೀ ಸ್ಲಗ್’ಗಳನ್ನು. ಮಳೆಗಾಲದಲ್ಲಿ ನಮ್ಮ ತೋಟಗಳಲ್ಲಿ ತೆವಳುವ ಸಿಂಬಳದ ಹುಳುವಿನ ದೂರದ ನಂಟರಿವು. ಬಸವನಹುಳುವಿನ ಬಳಗವೇ ಆದರೂ ಬಹುಪಾಲು ಜಾತಿಗಳಿಗೆ ಬೆಳೆದ ಮೇಲೆ ಹೊರಚಿಪ್ಪು ಇರುವುದಿಲ್ಲ. ಹಲವು ಜಾತಿಗಳು ಬೆರಳಿಗಿಂತ ಚಿಕ್ಕವು. ಬಣ್ಣವೋ, ಚಿಟ್ಟೆಯನ್ನೂ ನಾಚಿಸುವಂಥದು. ಚಿಪ್ಪಿಲ್ಲದ ಮೈಗೆ ರಕ್ಷಣೆ ಬೇಡವೇ? ಕೆಲವು ಜಾತಿಗಳು ತಾವು ತಿನ್ನುವ ಸ್ಪಂಜುಗಳ ಕಹಿ ರಾಸಾಯನಿಕಗಳನ್ನೇ ಮೈಯಲ್ಲಿ ಕೂಡಿಡುತ್ತವೆ. ‘ನನ್ನನ್ನು ತಿನ್ನಬೇಡ’ ಎಂದು ಮೀನುಗಳಿಗೆ ಸಾರುವ ಫಲಕವೇ ಆ ಬಣ್ಣ.

ಇವುಗಳ ಅಧ್ಯಯನ ಸುಲಭವಲ್ಲ. ಅನೇಕ ಜಾತಿಗಳ ಆಯುಷ್ಯ ಒಂದು ವರ್ಷವೂ ಇಲ್ಲ. ಇಂದು ಕಂಡದ್ದು ಮುಂದಿನ ತಿಂಗಳು ಕಾಣದಿರಬಹುದು. ತಜ್ಞರೋ ಬೆರಳೆಣಿಕೆಯಷ್ಟು, ಕರಾವಳಿಯೋ ಸಾವಿರಾರು ಕಿಲೋಮೀಟರ್. ಹೀಗಿರುವಾಗ ರಜೆ ಸಿಕ್ಕಾಗಲೆಲ್ಲ ಅದೇ ಬಂಡೆಗಳಿಗೆ ಮರಳುವ ಹವ್ಯಾಸಿಗಳಿಗಿಂತ ಒಳ್ಳೆಯ ಕಾವಲುಗಾರರು ಯಾರು?

ಸದರ್ನ್ ಕ್ರಾಸ್ ವಿಶ್ವವಿದ್ಯಾಲಯದ ವಿಜ್ಞಾನಿ ಸ್ಟೀಫನ್ ಸ್ಮಿತ್ ಈ ಶಕ್ತಿಯನ್ನು ಗುರುತಿಸಿದರು. 2013ರಲ್ಲಿ ನೆಲ್ಸನ್ ಬೇಯಲ್ಲಿ ಮೊದಲ ‘ಸೀ ಸ್ಲಗ್ ಗಣತಿ’ ನಡೆಯಿತು. ಮುಂದೆ ಅದು ಸಿಡ್ನಿ, ಗೋಲ್ಡ್ ಕೋಸ್ಟ್ ಮುಂತಾದೆಡೆಗೂ ಹಬ್ಬಿತು. ನಿಯಮ ಸರಳ: ಮುಟ್ಟಬೇಡಿ, ಕೀಳಬೇಡಿ, ಚಿತ್ರ ತೆಗೆಯಿರಿ, ದಿನ ಮತ್ತು ಜಾಗವನ್ನು ಬರೆಯಿರಿ. ಜಾತಿ ಯಾವುದೆಂದು ತಜ್ಞರು ಪರಿಶೀಲಿಸುತ್ತಾರೆ. ಇದು ಅಗತ್ಯ, ಏಕೆಂದರೆ ಆ ಕರಾವಳಿಯಲ್ಲಿ ಕೆಂಪು ಚುಕ್ಕೆ, ಹಳದಿ ಅಂಚಿನ ಹಲವು ಜಾತಿಗಳು ಒಂದನ್ನೊಂದು ಹೋಲುತ್ತವೆ.

ಇದರಿಂದ ಏನು ಲಾಭ? ಆಸ್ಟ್ರೇಲಿಯದ ಪೂರ್ವ ತೀರದಗುಂಟ ಬೆಚ್ಚನೆಯ ಸಾಗರ ಪ್ರವಾಹವೊಂದು ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಸ್ಲಗ್‌ಗಳ ಮರಿಗಳು ಅದರಲ್ಲಿ ತೇಲಿ ಬರುತ್ತವೆ. ನೀರಿನ ಬಿಸಿಯೂ ಆಹಾರವೂ ಹೊಂದಿದರೆ ಅಲ್ಲೇ ನೆಲೆಸುತ್ತವೆ. ಸ್ಮಿತ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, 12 ಜಾತಿಗಳು ಹಿಂದೆ ತಿಳಿದಿದ್ದ ಎಲ್ಲೆಗಿಂತ ದಕ್ಷಿಣದಲ್ಲಿ ಕಂಡುದನ್ನು ದಾಖಲಿಸಿತು. ಆದರೆ ಇಂಥ ಅತಿಥಿಗಳು ನಿಜಕ್ಕೂ ಹೊಸಬರೋ, ಮೊದಲಿನಿಂದಲೂ ಇದ್ದು ಯಾರ ಕಣ್ಣಿಗೂ ಬೀಳದವರೋ? ಒಂದು ಸಲ ನೋಡಿದರೆ ಉತ್ತರ ಸಿಗದು. ಅದೇ ಜಾಗದಲ್ಲಿ ಮತ್ತೆ ಮತ್ತೆ ಎಣಿಸಿದ ಪಟ್ಟಿಯಷ್ಟೇ ಅದನ್ನು ಹೇಳಬಲ್ಲದು. ಅಂಥ ಪಟ್ಟಿಯಲ್ಲಿ ‘ಈ ಸಲ ಕಾಣಲಿಲ್ಲ’ ಎಂಬುದಕ್ಕೂ ಬೆಲೆಯಿದೆ.

ಗಣತಿಗೆ ಇಳಿಯುವವರೆಲ್ಲ ವಿಜ್ಞಾನದ ಪದವೀಧರರೇ ಆಗಬೇಕಿಲ್ಲ. ಕಡಲು ಬಿಸಿಯಾಗುತ್ತಿರುವ ಈ ಕಾಲದಲ್ಲಿ, ಬಾಲಕನೊಬ್ಬ ದಡದ ಬಂಡೆಗುಂಡಿಯಲ್ಲಿ ತೆಗೆದ ಚಿತ್ರವೂ ದಿನಾಂಕ ಮತ್ತು ಸ್ಥಳ ಸರಿಯಾಗಿದ್ದರೆ ಸಾಕ್ಷ್ಯವಾಗುತ್ತದೆ. ಅವೆರಡೂ ಇಲ್ಲದಿದ್ದರೆ ಅದು ಬರೀ ಚೆಂದದ ಚಿತ್ರ.